ರೂಟ್ ಮೌಂಟ್ ಆಗುವ ಮೊದಲು, ಆದ ಮೇಲೆ: ಯಂತ್ರಕ್ಕೆ ತಕ್ಕ ಚಿಕ್ಕ ಲಿನಕ್ಸ್ ಕರ್ನಲ್

ಡಿಸ್ಟ್ರೋ (ಉಬುಂಟು, ಡೆಬಿಯನ್‌ನಂಥ ಸಿದ್ಧ ಲಿನಕ್ಸ್ ಕಟ್ಟು) ಜೊತೆ ಬರುವ ಲಿನಕ್ಸ್ ಕರ್ನಲ್, ಅಂದರೆ ಹಾರ್ಡ್‌ವೇರನ್ನು ನಿಯಂತ್ರಿಸುವ ತಿರುಳು, ಯಾವ ಯಂತ್ರದಲ್ಲಿ ಓಡುತ್ತದೆ ಎಂದು ಅದನ್ನು ಕಟ್ಟಿದವರಿಗೆ ಗೊತ್ತಿರುವುದಿಲ್ಲ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್, ಮೊನ್ನೆ ಬಂದ ಸರ್ವರ್, ವರ್ಚುವಲ್ ಮಷೀನ್ ಎಲ್ಲಕ್ಕೂ ಒಂದೇ ಕರ್ನಲ್ ಸಾಲಬೇಕು. ಹಾಗಾಗಿ ಅವರು ಸಾವಿರಾರು ಡ್ರೈವರ್‌ಗಳನ್ನು ಮಾಡ್ಯೂಲ್‌ಗಳಾಗಿ (ಬೇಕಾದಾಗ ಕರ್ನಲ್‌ಗೆ ಸೇರಿಸಬಹುದಾದ ಬಿಡಿ ತುಂಡುಗಳಾಗಿ) ಕಂಪೈಲ್ ಮಾಡಿ ಡಿಸ್ಕ್‌ನಲ್ಲಿ ಇಟ್ಟಿರುತ್ತಾರೆ. ಬೂಟ್ ಆಗುವಾಗ ಬೇಕಾದವು ಮಾತ್ರ ಲೋಡ್ ಆಗುತ್ತವೆ. ಒಂದು ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಹೀಗೆ ಲೋಡ್ ಆಗುವುದು ನೂರು ಇನ್ನೂರರ ಆಸುಪಾಸು.

ಉಳಿದವನ್ನು ತೆಗೆದರೆ ಯಂತ್ರ ಓಡೋಡಿ ಕೆಲಸ ಮಾಡುತ್ತದೆ ಎಂಬ ಆಸೆಯಿದ್ದರೆ ಈಗಲೇ ಬಿಡುವುದು ಒಳ್ಳೆಯದು. ಡಿಸ್ಕ್‌ನಲ್ಲಿ ಸುಮ್ಮನೆ ಬಿದ್ದಿರುವ ಮಾಡ್ಯೂಲ್ ಮೆಮೊರಿಯನ್ನೂ ತಿನ್ನುವುದಿಲ್ಲ, ಪ್ರೊಸೆಸರ್ ಸಮಯವನ್ನೂ ತಿನ್ನುವುದಿಲ್ಲ. ಲಾಭ ಇರುವುದು ಬೇರೆ ಕಡೆ. ಕಂಪೈಲ್ ಸಮಯ ಗಂಟೆಗಳಿಂದ ನಿಮಿಷಗಳಿಗೆ ಇಳಿಯುತ್ತದೆ. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಮೆಮೊರಿಗೆ ಬರುವ, ಡ್ರೈವರ್‌ಗಳಿರುವ ತಾತ್ಕಾಲಿಕ ಫೈಲ್‌ಸಿಸ್ಟಮ್) ಇಲ್ಲದೆಯೇ ಬೂಟ್ ಮಾಡಬಹುದು. ದಾಳಿಗೆ ತೆರೆದಿರುವ ಬಾಗಿಲುಗಳೂ ಕಡಿಮೆಯಾಗುತ್ತವೆ, ಮತ್ತು ಈ ಮೂರನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಬಳಕೆದಾರನೊಬ್ಬ ಅಪರೂಪದ ಪ್ರೊಟೊಕಾಲ್‌ನ ಸಾಕೆಟ್ ತೆರೆದರೂ ಸಾಕು, ಕರ್ನಲ್ ಆ ಮಾಡ್ಯೂಲನ್ನು ತಾನಾಗಿ ಎಳೆದುಕೊಳ್ಳುತ್ತದೆ. 2017ರಲ್ಲಿ ಡಿಸಿಸಿಪಿ ಪ್ರೊಟೊಕಾಲ್‌ನಲ್ಲಿ ಸಿಕ್ಕ ಸಿವಿಇ-2017-6074 ಎಂಬ ದೋಷದಿಂದ ಸಾಮಾನ್ಯ ಬಳಕೆದಾರ ರೂಟ್ ಅಧಿಕಾರ (ಯಂತ್ರದ ಪೂರ್ಣ ಹತೋಟಿ) ಪಡೆಯಬಹುದಿತ್ತು. ಡಿಸಿಸಿಪಿಯನ್ನು ಎಂದೂ ಬಳಸದವರ ಯಂತ್ರಗಳಲ್ಲೂ ಆ ಮಾಡ್ಯೂಲ್ ಇತ್ತು. ಕರ್ನಲ್‌ನಲ್ಲೇ ಇಲ್ಲದ ಕೋಡ್‌ಗೆ ಪ್ಯಾಚ್ ಬೇಕಿಲ್ಲ.

ಕರ್ನಲ್ ಮೂಲದಲ್ಲಿ (ಸೋರ್ಸ್ ಕೋಡ್‌ನಲ್ಲಿ) ಹತ್ತು ಸಾವಿರಕ್ಕೂ ಹೆಚ್ಚು ಆಯ್ಕೆಗಳಿವೆ. ಅವನ್ನೆಲ್ಲ ಓದುತ್ತಾ ಕೂರುವುದು ಆಗುವ ಮಾತಲ್ಲ. ಕೆಲಸವನ್ನು ಹಿಡಿತಕ್ಕೆ ತರುವ ಪ್ರಶ್ನೆ ಒಂದೇ: ಈ ಭಾಗ ರೂಟ್ ಫೈಲ್‌ಸಿಸ್ಟಮ್ ಮೌಂಟ್ ಆಗುವ ಮೊದಲು ಬೇಕೋ, ಆದ ಮೇಲೆ ಬೇಕೋ? (ರೂಟ್ ಫೈಲ್‌ಸಿಸ್ಟಮ್ ಎಂದರೆ ಇಡೀ ವ್ಯವಸ್ಥೆಯ ಫೈಲ್‌ಗಳಿರುವ ಮುಖ್ಯ ಜಾಗ, ಮೌಂಟ್ ಎಂದರೆ ಅದನ್ನು ಬಳಕೆಗೆ ಜೋಡಿಸುವುದು.) ಮೊದಲು ಬೇಕಾದ್ದು ಕರ್ನಲ್ ಒಳಗೇ ಇರಬೇಕು, ಅಂದರೆ ಆ ಆಯ್ಕೆಗೆ ಕೊಡುವ ಉತ್ತರ ವೈ. ಆಮೇಲೆ ಬೇಕಾದ್ದು ಮಾಡ್ಯೂಲ್ ಆಗಿದ್ದರೆ ಸಾಕು, ಅಂದರೆ ಎಂ. ಎರಡೂ ಅಲ್ಲದ್ದು ಎನ್. ಬೂಟ್ ಆಗದ ಕರ್ನಲ್‌ಗಳಲ್ಲಿ ಹೆಚ್ಚಿನವು ಎಡವುವುದು ಈ ಮೊದಲ ಗುಂಪಿನಲ್ಲೇ.

ಯಂತ್ರದಲ್ಲಿ ಏನಿದೆ

ಡಿಸ್ಟ್ರೋ ಕರ್ನಲ್ ಓಡುತ್ತಿರುವಾಗಲೇ ಪಟ್ಟಿ ಮಾಡಿಕೊಳ್ಳಿ. ಎಲ್‌ಎಸ್‌ಪಿಸಿಐ ಕಮಾಂಡಿಗೆ -ಎನ್‌ಎನ್‌ಕೆ ಕೊಟ್ಟರೆ ಪ್ರತಿ ಪಿಸಿಐ ಸಾಧನದ ಐಡಿ, ಸದ್ಯ ಅದನ್ನು ನೋಡಿಕೊಳ್ಳುತ್ತಿರುವ ಡ್ರೈವರ್ ಎರಡೂ ಕಾಣುತ್ತವೆ. ಎಲ್‌ಎಸ್‌ಯುಎಸ್‌ಬಿ -ಟಿ ಯುಎಸ್‌ಬಿ ಕಡೆಯದನ್ನು ಮರದ ಆಕಾರದಲ್ಲಿ ತೋರಿಸುತ್ತದೆ. ಯಾವ ಡಿಸ್ಕ್, ಯಾವ ಫೈಲ್‌ಸಿಸ್ಟಮ್ ಎಂಬುದಕ್ಕೆ ಎಲ್‌ಎಸ್‌ಬಿಎಲ್‌ಕೆ -ಎಫ್. ಈ ಮೂರರ ಔಟ್‌ಪುಟ್ ಜೊತೆಗೆ ಎಲ್‌ಎಸ್‌ಮಾಡ್ (ಲೋಡ್ ಆಗಿರುವ ಮಾಡ್ಯೂಲ್‌ಗಳ ಪಟ್ಟಿ) ಮತ್ತು ಡಿಮೆಸೇಜ್ (ಕರ್ನಲ್ ಸಂದೇಶಗಳು) ಔಟ್‌ಪುಟ್‌ಗಳನ್ನೂ ಫೈಲ್‌ಗೆ ಉಳಿಸಿ, ಬೇರೆ ಕಡೆ ನಕಲು ಇಟ್ಟುಕೊಳ್ಳಿ. ಹೊಸ ಕರ್ನಲ್ ಕೈಕೊಟ್ಟಾಗ ನೋಡಬೇಕಾಗುವುದು ಇವನ್ನೇ.

ಎಲ್‌ಎಸ್‌ಪಿಸಿಐಗೆ ಎಲ್ಲವೂ ಕಾಣುವುದಿಲ್ಲ ಎಂಬುದು ನೆನಪಿರಲಿ. ಹೊಸ ಲ್ಯಾಪ್‌ಟಾಪ್‌ಗಳ ಟಚ್‌ಪ್ಯಾಡ್ ಇರುವುದು ಐ2ಸಿ ಬಸ್ ಮೇಲೆ. ಬ್ಯಾಟರಿ, ಪವರ್ ಬಟನ್, ಉಷ್ಣತಾ ನಿಯಂತ್ರಣಗಳು ಎಸಿಪಿಐ (ಫರ್ಮ್‌ವೇರ್ ಕೊಡುವ ಹಾರ್ಡ್‌ವೇರ್ ವಿವರ) ಮೂಲಕ ಬರುತ್ತವೆ. ಇವೆಲ್ಲವನ್ನೂ ಒಟ್ಟಿಗೆ ಹಿಡಿಯಲು /ಸಿಸ್ ಅಡಿಯಲ್ಲಿರುವ ಮಾಡ್‌ಏಲಿಯಾಸ್ ಫೈಲ್‌ಗಳನ್ನು ಹುಡುಕಿ, ಅವುಗಳೊಳಗಿನ ಸಾಲುಗಳನ್ನು ಒಂದೊಂದಾಗಿ ಮಾಡ್‌ಪ್ರೋಬ್ -ಆರ್‌ಗೆ ಕೊಡಿ (ಇಲ್ಲಿ ಆರ್ ದೊಡ್ಡಕ್ಷರ, ಚಿಕ್ಕಕ್ಷರ ಕೊಟ್ಟರೆ ಮಾಡ್ಯೂಲನ್ನು ಕಳಚುತ್ತದೆ). ಆ ಸಾಧನಕ್ಕೆ ಯಾವ ಮಾಡ್ಯೂಲ್ ಹೊಂದುತ್ತದೆ ಎಂದು ಅದು ಹೇಳುತ್ತದೆ, ಲೋಡ್ ಮಾಡುವುದಿಲ್ಲ.

ಮಾಡ್ಯೂಲ್ ಹೆಸರಿನಿಂದ ಆಯ್ಕೆಯ ಹೆಸರಿಗೆ ಹೋಗುವ ದಾರಿ ಕರ್ನಲ್ ಮೂಲದ ಮೇಕ್‌ಫೈಲ್‌ಗಳಲ್ಲಿದೆ. ಎಲ್‌ಎಸ್‌ಪಿಸಿಐ ಒಂದು ನೆಟ್‌ವರ್ಕ್ ಕಾರ್ಡ್ ಮುಂದೆ ಆರ್8169 ಎಂದು ತೋರಿಸಿತು ಅಂದುಕೊಳ್ಳಿ. ಡ್ರೈವರ್ಸ್ ಫೋಲ್ಡರ್‌ನ ಮೇಕ್‌ಫೈಲ್‌ಗಳಲ್ಲಿ ಆರ್8169.ಒ ಎಂದು ಗ್ರೆಪ್ ಮಾಡಿದರೆ, ಅದೇ ಸಾಲಿನಲ್ಲಿ ಕಾನ್ಫಿಗ್_ಆರ್8169 ಎಂಬ ಹೆಸರು ಸಿಗುತ್ತದೆ. ಮಾಡ್ಯೂಲ್‌ಗೂ ಆಯ್ಕೆಗೂ ಹೆಸರು ಹೀಗೆ ಒಂದೇ ಇರುತ್ತದೆ ಎಂದು ನಂಬಬೇಡಿ. ಎಎಚ್‌ಸಿಐ ಮಾಡ್ಯೂಲ್‌ನ ಆಯ್ಕೆ ಎಸ್‌ಎಟಿಎ_ಎಎಚ್‌ಸಿಐ, ಎನ್‌ವಿಎಂಇ ಮಾಡ್ಯೂಲ್‌ನದು ಬಿಎಲ್‌ಕೆ_ಡಿಇವಿ_ಎನ್‌ವಿಎಂಇ.

ಎಲ್ಲಿಂದ ಶುರು ಮಾಡುವುದು

ಮೇಕ್ ಟೈನಿಕಾನ್ಫಿಗ್ ಎಂಬ ಕಮಾಂಡ್ ಬಹಳ ಮಂದಿಯನ್ನು ಸೆಳೆಯುತ್ತದೆ. ಸಾಧ್ಯವಾದದ್ದನ್ನೆಲ್ಲ ಆಫ್ ಮಾಡಿ, ಒಂದು ಎಂಬಿಗೂ ಕಡಿಮೆ ಗಾತ್ರದ ಕರ್ನಲ್ ಕೊಡುತ್ತದೆ. ಆದರೆ ಅದರಲ್ಲಿ ಏನಿಲ್ಲ ಎಂದು ನೋಡಿ: 64 ಬಿಟ್ ಆಯ್ಕೆ ಇಲ್ಲ, ಪ್ರಿಂಟ್‌ಕೆ ಇಲ್ಲದ್ದರಿಂದ ತಪ್ಪಾದರೆ ಒಂದು ಸಾಲೂ ಪರದೆಗೆ ಬರುವುದಿಲ್ಲ, ಟಿಟಿವೈ (ಟರ್ಮಿನಲ್) ಇಲ್ಲ, ಡಿಸ್ಕ್‌ಗಳಿಗೆ ಬೇಕಾದ ಬ್ಲಾಕ್ ಪದರ ಇಲ್ಲ, ಇಎಲ್‌ಎಫ್ ಫೈಲ್ (ಲಿನಕ್ಸ್ ಪ್ರೋಗ್ರಾಮ್‌ಗಳ ಸಾಮಾನ್ಯ ರೂಪ) ಓಡಿಸುವ ಶಕ್ತಿಯೂ ಇಲ್ಲ. ಎಂಬೆಡೆಡ್ ಬೋರ್ಡ್‌ಗೆ ಕರ್ನಲ್ ಕಟ್ಟುವವರಿಗೆ, ಕ್ಯೂಇಎಂಯು ಎಂಬ ವರ್ಚುವಲ್ ಮಷೀನ್ ಒಳಗೆ ಒಂದೊಂದೇ ಆಯ್ಕೆ ಸೇರಿಸುತ್ತಾ ಕಲಿಯುವವರಿಗೆ ಇದು ಒಳ್ಳೆಯ ಬುನಾದಿ. ದಿನನಿತ್ಯ ಬಳಸುವ ಯಂತ್ರಕ್ಕೆ ಇಲ್ಲಿಂದ ಹೊರಡುವುದು ವ್ಯರ್ಥ ಶ್ರಮ.

ಓಡುತ್ತಿರುವ ಸಂರಚನೆಯಿಂದ ಕಳೆಯುತ್ತಾ ಬರುವುದೇ ಜಾಣತನ. ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಮಾಡುವುದು ಇದನ್ನೇ. ಈಗ ಓಡುತ್ತಿರುವ ಕರ್ನಲ್‌ನ ಸಂರಚನೆಯನ್ನು (/ಬೂಟ್ ಫೋಲ್ಡರ್‌ನ ಕಾನ್ಫಿಗ್ ಫೈಲ್, ಅಥವಾ /ಪ್ರೋಕ್/ಕಾನ್ಫಿಗ್.ಜಿಜೆಡ್) ಕರ್ನಲ್ ಮೂಲದೊಳಗೆ .ಕಾನ್ಫಿಗ್ ಎಂಬ ಹೆಸರಿನಲ್ಲಿ ನಕಲಿಸಿ ಈ ಕಮಾಂಡ್ ಕೊಟ್ಟರೆ, ಎಲ್‌ಎಸ್‌ಮಾಡ್ ತೋರಿಸುವ ಮಾಡ್ಯೂಲ್‌ಗಳನ್ನು ಬಿಟ್ಟು ಉಳಿದೆಲ್ಲ ಮಾಡ್ಯೂಲ್‌ಗಳು ಆಫ್ ಆಗುತ್ತವೆ. ಸ್ಟೀವನ್ ರೋಸ್ಟೆಡ್ ಬರೆದ ಈ ಸೌಲಭ್ಯ 2009ರ 2.6.32 ಆವೃತ್ತಿಯಿಂದಲೂ ಇದೆ.

ಇದರ ಬಲವೂ ದೌರ್ಬಲ್ಯವೂ ಒಂದೇ: ಆ ಕ್ಷಣಕ್ಕೆ ಲೋಡ್ ಆಗಿರುವುದನ್ನು ಮಾತ್ರ ನೋಡುತ್ತದೆ. ಆದ್ದರಿಂದ ಕಮಾಂಡ್ ಕೊಡುವ ಮುನ್ನ ನೀವು ಬಳಸುವುದನ್ನೆಲ್ಲ ಒಮ್ಮೆ ಬಳಸಿ. ಪೆನ್‌ಡ್ರೈವ್ ಚುಚ್ಚಿ ಮೌಂಟ್ ಮಾಡಿ, ಪ್ರಿಂಟರ್, ವೆಬ್‌ಕ್ಯಾಮ್, ಬ್ಲೂಟೂತ್ ಹೆಡ್‌ಸೆಟ್ ಜೋಡಿಸಿ, ವಿಪಿಎನ್ ಹಚ್ಚಿ, ಒಂದು ಕಂಟೈನರ್ ಓಡಿಸಿ, ವರ್ಚುವಲ್ ಮಷೀನ್ ಶುರುಮಾಡಿ. ಕಂಟೈನರ್‌ಗಳಂತೂ ಓವರ್‌ಲೇ ಫೈಲ್‌ಸಿಸ್ಟಮ್, ಬ್ರಿಡ್ಜ್, ವೆತ್, ನೆಟ್‌ಫಿಲ್ಟರ್ ಎಂದು ಒಂದು ಹಿಂಡು ಮಾಡ್ಯೂಲ್‌ಗಳನ್ನು ಎಳೆದು ತರುತ್ತವೆ. ಕಂಟೈನರ್ ಓಡಿಸದೆಯೇ ಪಟ್ಟಿ ತೆಗೆದರೆ ಇವುಗಳಲ್ಲಿ ಹಲವು ಸಿಗದೇ ಹೋಗಬಹುದು.

ಇನ್ನೊಂದು ಮಿತಿ: ಲೋಕಲ್‌ಮಾಡ್‌ಕಾನ್ಫಿಗ್ ಎಂ ಎಂದಿದ್ದವನ್ನಷ್ಟೇ ಮುಟ್ಟುತ್ತದೆ. ಡಿಸ್ಟ್ರೋ ವೈ ಎಂದು ಒಳಗೆ ಸೇರಿಸಿದ್ದು ಹಾಗೇ ಉಳಿಯುತ್ತದೆ. ಅದನ್ನು ಮೆನುಕಾನ್ಫಿಗ್‌ನಲ್ಲಿ (ಆಯ್ಕೆಗಳನ್ನು ಮೆನು ರೂಪದಲ್ಲಿ ತೋರಿಸುವ ಮೇಕ್ ಕಮಾಂಡ್) ಕೈಯಾರೆ ತೆಗೆಯಬೇಕು. ಇಡೀ ಗುಂಪನ್ನು ಕಾಪಾಡಿಕೊಳ್ಳಬೇಕಿದ್ದರೆ ಎಲ್‌ಎಂಸಿ_ಕೀಪ್ ಎಂಬ ವೇರಿಯಬಲ್‌ಗೆ ಫೋಲ್ಡರ್‌ಗಳನ್ನು ಕೊಡಬಹುದು. ಡ್ರೈವರ್ಸ್/ಯುಎಸ್‌ಬಿ ಮತ್ತು ಎಫ್‌ಎಸ್ ಎರಡನ್ನು ಕೊಟ್ಟರೆ, ನಾಳೆ ಯಾರದೋ ಹಾರ್ಡ್ ಡಿಸ್ಕ್ ತೆರೆಯಲಾಗದೆ ಪರದಾಡುವುದು ತಪ್ಪುತ್ತದೆ.

ಆಯ್ಕೆಗಳ ನಡುವಿನ ನಂಟು

ಕರ್ನಲ್ ಆಯ್ಕೆಗಳನ್ನು ನಿಭಾಯಿಸುವ ಕೆಕಾನ್ಫಿಗ್ ವ್ಯವಸ್ಥೆಯಲ್ಲಿ ಆಯ್ಕೆಗಳು ಎರಡು ರೀತಿ ಹೆಣೆದುಕೊಂಡಿವೆ. ಡಿಪೆಂಡ್ಸ್ ಆನ್ ಎಂದಿದ್ದರೆ, ಆಧಾರವಾದದ್ದು ಆನ್ ಆಗುವವರೆಗೆ ಇದು ಮೆನುವಿನಲ್ಲೇ ಕಾಣುವುದಿಲ್ಲ. ಸೆಲೆಕ್ಟ್ ಎಂದಿದ್ದರೆ, ಇದನ್ನು ಆರಿಸಿದೊಡನೆ ಇನ್ನೊಂದು ತಾನಾಗಿ ಆನ್ ಆಗುತ್ತದೆ. ಆರ್8169 ಆರಿಸಿದರೆ ರಿಯಲ್‌ಟೆಕ್ ಪಿಎಚ್‌ವೈ ಡ್ರೈವರ್ ಹಿಂದೆಯೇ ಬರುವುದು ಹೀಗೆ.

ಇದರಿಂದ ಹುಟ್ಟುವ ಒಂದು ತೊಡಕು ಪದೇ ಪದೇ ಕಾಡುತ್ತದೆ. ಆಧಾರ ಎಂ ಆಗಿದ್ದರೆ ಅದರ ಮೇಲಿರುವುದು ವೈ ಆಗಲಾರದು. ಸಾಟಾ ಡಿಸ್ಕ್‌ಗಳು ಲಿನಕ್ಸ್‌ನಲ್ಲಿ ಎಸ್‌ಸಿಎಸ್‌ಐ ಡಿಸ್ಕ್‌ಗಳಾಗಿಯೇ ಕಾಣುತ್ತವೆ, ಹಾಗಾಗಿ ಅವಕ್ಕೆ ಬಿಎಲ್‌ಕೆ_ಡಿಇವಿ_ಎಸ್‌ಡಿ ಬೇಕು. ಆದರೆ ಎಸ್‌ಸಿಎಸ್‌ಐ ಎಂ ಆಗಿದ್ದರೆ ಇದನ್ನು ಎಷ್ಟು ಒತ್ತಿದರೂ ವೈ ಆಗುವುದಿಲ್ಲ. ಮೊದಲು ಎಸ್‌ಸಿಎಸ್‌ಐಯನ್ನು ವೈ ಮಾಡಬೇಕು. ಮೆನುಕಾನ್ಫಿಗ್‌ನಲ್ಲಿ ಓರೆಗೆರೆ ಒತ್ತಿ ಹೆಸರು ಹುಡುಕಿದರೆ ಯಾವ ಆಧಾರ ಯಾವ ಸ್ಥಿತಿಯಲ್ಲಿದೆ ಎಂದು ಪೂರ್ತಿ ಕಾಣುತ್ತದೆ, ಪಕ್ಕದ ಅಂಕಿ ಒತ್ತಿದರೆ ನೇರ ಆ ಜಾಗಕ್ಕೇ ಹೋಗಬಹುದು.

.ಕಾನ್ಫಿಗ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ಸಾಲು ಸೇರಿಸುವ ಅಭ್ಯಾಸ ಬೇಡ. ಆಧಾರ ಪೂರೈಸದ ಸಾಲನ್ನು ಮುಂದಿನ ಮೇಕ್ ಸದ್ದಿಲ್ಲದೆ ಅಳಿಸಿಬಿಡುತ್ತದೆ. ಸ್ಕ್ರಿಪ್ಟ್ಸ್/ಕಾನ್ಫಿಗ್ ಎಂಬ ಉಪಕರಣದಿಂದ ಬದಲಿಸಿ, ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿ, ಆಮೇಲೆ ಸ್ಕ್ರಿಪ್ಟ್ಸ್/ಡಿಫ್‌ಕಾನ್ಫಿಗ್‌ನಿಂದ ಹಳೆಯದಕ್ಕೂ ಹೊಸದಕ್ಕೂ ತಾಳೆ ನೋಡಿ. ಅಂದಹಾಗೆ, ಆ ಫೈಲ್‌ನಲ್ಲಿ ಹ್ಯಾಷ್ ಗುರುತಿನಿಂದ ಶುರುವಾಗಿ ಈಸ್ ನಾಟ್ ಸೆಟ್ ಎಂದು ಮುಗಿಯುವ ಸಾಲುಗಳು ಕಾಮೆಂಟ್‌ಗಳಲ್ಲ. ಕರ್ನಲ್ ಎನ್ ಎಂದು ಬರೆದಿಟ್ಟುಕೊಳ್ಳುವುದೇ ಹಾಗೆ. ಅನವಶ್ಯಕ ಎಂದು ಅಳಿಸಿದರೆ ಅವು ಡಿಫಾಲ್ಟ್‌ಗೆ ಮರಳುತ್ತವೆ.

ಮೌಂಟ್‌ಗೆ ಮುನ್ನ ಬೇಕಾದ ಸರಪಳಿ

ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಬೂಟ್ ಮಾಡುವುದಾದರೆ ಡಿಸ್ಕ್‌ವರೆಗಿನ ಪ್ರತಿ ಕೊಂಡಿಯೂ ವೈ ಆಗಿರಬೇಕು: ಪಿಸಿಐ, ಡಿಸ್ಕ್ ಕಂಟ್ರೋಲರ್ (ಎನ್‌ವಿಎಂಇ ಅಥವಾ ಎಎಚ್‌ಸಿಐ), ಸಾಟಾ ಆದರೆ ಎಸ್‌ಸಿಎಸ್‌ಐ ಡಿಸ್ಕ್, ಜಿಪಿಟಿ ಪಾರ್ಟಿಷನ್ ಓದುವ ಇಎಫ್‌ಐ_ಪಾರ್ಟಿಷನ್, ಕೊನೆಗೆ ಇಎಕ್ಸ್‌ಟಿ4 ಅಥವಾ ನಿಮ್ಮ ರೂಟ್ ಯಾವುದೋ ಆ ಫೈಲ್‌ಸಿಸ್ಟಮ್. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಡಿಸ್ಕ್ ವಿಎಂಡಿ ಎಂಬ ಕಂಟ್ರೋಲರ್‌ನ ಹಿಂದೆ ಅಡಗಿರುತ್ತದೆ. ವಿಎಂಡಿ ಆಯ್ಕೆ ಇಲ್ಲದಿದ್ದರೆ ಎನ್‌ವಿಎಂಇ ಡ್ರೈವರ್ ಇದ್ದೂ ಡಿಸ್ಕ್ ಕಾಣುವುದಿಲ್ಲ.

ರೂಟನ್ನು ಎಲ್‌ಯುಕೆಎಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ್ದರೆ, ಅಥವಾ ಅದು ಎಲ್‌ವಿಎಂ (ಡಿಸ್ಕ್ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ) ಮೇಲಿದ್ದರೆ, ಇನಿಟ್‌ರಾಮ್‌ಎಫ್‌ಎಸ್ ಇಟ್ಟುಕೊಳ್ಳಿ. ಪಾಸ್‌ವರ್ಡ್ ಕೇಳಲು, ವಾಲ್ಯೂಮ್ ಜೋಡಿಸಲು ಯೂಸರ್‌ಸ್ಪೇಸ್ ಪ್ರೋಗ್ರಾಮ್ ಬೇಕೇ ಬೇಕು. ಆಗ ಅದನ್ನು ಯಾವುದರಿಂದ ಕುಗ್ಗಿಸಲಾಗಿದೆಯೋ ಅದರ ಬೆಂಬಲವೂ ಕರ್ನಲ್‌ನಲ್ಲಿರಲಿ. ಜೆಡ್‌ಸ್ಟ್ಯಾಂಡರ್ಡ್‌ನಲ್ಲಿ ಕುಗ್ಗಿಸಿದ್ದನ್ನು ಬಿಚ್ಚಲು ಆರ್‌ಡಿ_ಜೆಡ್‌ಎಸ್‌ಟಿಡಿ ಬೇಕು.

ಬೂಟ್ ನಿಂತಾಗ ಸಿಗುವ ಪ್ಯಾನಿಕ್ (ಕರ್ನಲ್ ಮುಂದೆ ಹೋಗಲಾಗದೆ ನಿಂತಿತು ಎಂಬ) ಸಂದೇಶವನ್ನು ಗಮನಿಸಿ ಓದಿದರೆ ಅರ್ಧ ಕೆಲಸ ಮುಗಿದಂತೆ. ರೂಟ್ ಮೌಂಟ್ ಮಾಡಲಾಗಲಿಲ್ಲ ಎಂಬ ಸಾಲಿನ ಕೊನೆಯಲ್ಲಿ ಅನ್‌ನೋನ್-ಬ್ಲಾಕ್ ಎಂದಿದ್ದು, ಆವರಣದಲ್ಲಿ ಎರಡು ಅಂಕಿ ಇರುತ್ತವೆ. (0,0) ಎಂದಿದ್ದರೆ ನೀವು ಹೇಳಿದ ರೂಟ್ ಸಾಧನವೇ ಕರ್ನಲ್‌ಗೆ ಸಿಕ್ಕಿಲ್ಲ. (8,1) ಅಥವಾ (259,2) ಥರ ಇದ್ದರೆ ಸಾಧನ ಸಿಕ್ಕಿದೆ, ಅದರ ಮೇಲಿನ ಫೈಲ್‌ಸಿಸ್ಟಮ್ ಅರ್ಥವಾಗಿಲ್ಲ. 8 ಎಂದರೆ ಎಸ್‌ಡಿ ಡಿಸ್ಕ್, ಎನ್‌ವಿಎಂಇ ಪಾರ್ಟಿಷನ್‌ಗಳಿಗೆ ಸಾಮಾನ್ಯವಾಗಿ 259. ಇದರ ಮೇಲೆಯೇ ಕರ್ನಲ್ ತನಗೆ ಕಂಡ ಪಾರ್ಟಿಷನ್‌ಗಳ ಪಟ್ಟಿ ಕೊಟ್ಟಿರುತ್ತದೆ. ಆ ಪಟ್ಟಿ ಖಾಲಿಯಿದ್ದರೆ ಸಾಮಾನ್ಯವಾಗಿ ಕಂಟ್ರೋಲರ್ ಅಥವಾ ಡಿಸ್ಕ್ ಡ್ರೈವರ್ ಇಲ್ಲ ಎಂದು ಅರ್ಥ.

ಪಟ್ಟಿಯಲ್ಲಿ ನಿಮ್ಮ ಪಾರ್ಟಿಷನ್ ಕಂಡರೂ (0,0) ಬಂದರೆ? ಬಹುಶಃ ಬೂಟ್‌ಲೋಡರ್ ಸಾಲಿನಲ್ಲಿ ರೂಟ್=ಯುಯುಐಡಿ ಎಂದು ಇದೆ, ತೊಂದರೆ ಅದೇ. ಫೈಲ್‌ಸಿಸ್ಟಮ್‌ನ ಯುಯುಐಡಿ (ಗುರುತಿನ ಸಂಖ್ಯೆ) ಹುಡುಕುವುದು ಇನಿಟ್‌ರಾಮ್‌ಎಫ್‌ಎಸ್‌ನ ಕೆಲಸ, ಕರ್ನಲ್‌ಗೆ ತಾನಾಗಿ ಅದು ತಿಳಿಯದು. ಅದಕ್ಕೆ ಗೊತ್ತಿರುವುದು ಪಾರ್ಟಿಷನ್‌ನ ಐಡಿ. ಬಿಎಲ್‌ಕೆಐಡಿ ಕಮಾಂಡ್ ತೋರಿಸುವ ಪಾರ್ಟ್‌ಯುಯುಐಡಿಯನ್ನು ಅದರ ಬದಲು ಕೊಡಿ. ರೂಟ್ ಯುಎಸ್‌ಬಿ ಡಿಸ್ಕ್ ಮೇಲಿದ್ದರೆ ರೂಟ್‌ವೇಟ್ ಎಂಬುದನ್ನೂ ಸೇರಿಸಿ, ಆ ಡಿಸ್ಕ್‌ಗಳು ಎಚ್ಚರಗೊಳ್ಳಲು ಒಂದೆರಡು ಸೆಕೆಂಡ್ ತಡ.

ಪರದೆ ಕಪ್ಪಾಗಿಯೇ ಉಳಿದರೆ ಯಂತ್ರ ಸತ್ತಿದೆ ಎಂದುಕೊಳ್ಳಬೇಡಿ. ಬಹಳ ಸಲ ಬೂಟ್ ಪೂರ್ತಿಯಾಗಿರುತ್ತದೆ, ತೋರಿಸುವ ಕನ್ಸೋಲ್ ಮಾತ್ರ ಇರುವುದಿಲ್ಲ. ಯುಇಎಫ್‌ಐ ಯಂತ್ರಗಳಿಗೆ ವಿಟಿ, ಫ್ರೇಮ್‌ಬಫರ್_ಕನ್ಸೋಲ್ ಜೊತೆಗೆ ಎಫ್‌ಬಿ_ಇಎಫ್‌ಐ, ಇಲ್ಲವೇ ಎಸ್‌ವೈಎಸ್‌ಎಫ್‌ಬಿ_ಸಿಂಪಲ್‌ಎಫ್‌ಬಿ ಮತ್ತು ಡಿಆರ್‌ಎಂ_ಸಿಂಪಲ್‌ಡಿಆರ್‌ಎಂ ಜೋಡಿ ವೈ ಆಗಿರಲಿ. ದೊಡ್ಡ ಗ್ರಾಫಿಕ್ಸ್ ಡ್ರೈವರ್ ಬರುವವರೆಗೆ ಪ್ಯಾನಿಕ್ ಸಂದೇಶ ಕಾಣಿಸುವುದು ಇವುಗಳಿಂದಲೇ.

ರೂಟ್ ಮೌಂಟ್ ಆಗಿ, ಇನಿಟ್ (ಕರ್ನಲ್ ಶುರುಮಾಡುವ ಮೊದಲ ಪ್ರೋಗ್ರಾಮ್) ಓಡಲಿಲ್ಲ ಎಂದು ಎರರ್ -8 ಬಂದರೆ ಕರ್ನಲ್‌ಗೆ ಆ ಫೈಲ್‌ನ ರೂಪ ತಿಳಿದಿಲ್ಲ. ಬಿನ್‌ಎಫ್‌ಎಂಟಿ_ಇಎಲ್‌ಎಫ್ ಇಲ್ಲ, ಅಥವಾ ಇನಿಟ್ ಒಂದು ಶೆಲ್ ಸ್ಕ್ರಿಪ್ಟ್ ಆಗಿದ್ದು ಬಿನ್‌ಎಫ್‌ಎಂಟಿ_ಸ್ಕ್ರಿಪ್ಟ್ ಇಲ್ಲ, ಅಥವಾ 32 ಬಿಟ್ ಕರ್ನಲ್ ಮೇಲೆ 64 ಬಿಟ್ ಪ್ರೋಗ್ರಾಮ್ ಓಡಿಸಲು ಹೊರಟಿದ್ದೀರಿ.

ಹಾರ್ಡ್‌ವೇರ್ ಪಟ್ಟಿಯಲ್ಲಿ ಇಲ್ಲದವು

ಯಾವ ಎಲ್‌ಎಸ್‌ಪಿಸಿಐಯೂ ಹೇಳದ ಅಗತ್ಯಗಳು ಸಾಫ್ಟ್‌ವೇರ್ ಕಡೆಯಿಂದ ಬರುತ್ತವೆ. ಸಿಸ್ಟಮ್‌ಡಿಯನ್ನು (ಹೆಚ್ಚಿನ ಡಿಸ್ಟ್ರೋಗಳ ಇನಿಟ್) ಬಳಸುವ ಯಂತ್ರಕ್ಕೆ ಡಿಇವಿಟಿಎಂಪಿಎಫ್‌ಎಸ್, ಸಿಗ್ರೂಪ್ಸ್, ಐನೋಟಿಫೈ, ಈಪೋಲ್, ಸಿಗ್ನಲ್‌ಎಫ್‌ಡಿ, ಟೈಮರ್‌ಎಫ್‌ಡಿ, ಎಫ್‌ಹ್ಯಾಂಡಲ್, ಯುನಿಕ್ಸ್ ಸಾಕೆಟ್, ಟಿಎಂಪಿಎಫ್‌ಎಸ್ ಇವೆಲ್ಲ ಕಡ್ಡಾಯ. ಒಂದು ತಪ್ಪಿದರೂ ಬೂಟ್ ಅರ್ಧಕ್ಕೆ ನಿಲ್ಲಬಹುದು, ಸಂದೇಶ ಮಾತ್ರ ಬೇರೇನನ್ನೋ ದೂರುತ್ತಿರುತ್ತದೆ. ಇನಿಟ್‌ರಾಮ್‌ಎಫ್‌ಎಸ್ ಇಲ್ಲದಿದ್ದರೆ ಡಿಇವಿಟಿಎಂಪಿಎಫ್‌ಎಸ್_ಮೌಂಟ್ ಕೂಡ ಆನ್ ಇರಲಿ.

ನೆಟ್‌ವರ್ಕ್ ಕಾರ್ಡ್ ಸರಿಯಾಗಿ ಎದ್ದು ಐಪಿ ವಿಳಾಸ ಮಾತ್ರ ಸಿಗದಿದ್ದರೆ ಪ್ಯಾಕೆಟ್ ಎಂಬ ಆಯ್ಕೆ ನೋಡಿ. ಹಲವು ಡಿಎಚ್‌ಸಿಪಿ ಕ್ಲೈಂಟ್‌ಗಳು ಅದರ ಮೇಲೇ ನಿಂತಿವೆ. ಪೆನ್‌ಡ್ರೈವ್ ಕಾಣುತ್ತದೆ, ಮೌಂಟ್ ಆಗುವುದಿಲ್ಲ, ಡಿಮೆಸೇಜ್‌ನಲ್ಲಿ ಸಿಪಿ437 ಸಿಗಲಿಲ್ಲ ಎಂದಿದೆಯೇ? ಫ್ಯಾಟ್ ಫೈಲ್‌ಸಿಸ್ಟಮ್ ಜೊತೆ ಎನ್‌ಎಲ್‌ಎಸ್_ಕೋಡ್‌ಪೇಜ್_437 ಮತ್ತು ಎನ್‌ಎಲ್‌ಎಸ್_ಐಎಸ್‌ಒ8859_1 ಕೂಡ ಬೇಕು. ಇಎಫ್‌ಐ ಪಾರ್ಟಿಷನ್ ಕೂಡ ಫ್ಯಾಟ್ ಆದ್ದರಿಂದ ಇದರ ಪೆಟ್ಟು ಅಲ್ಲಿಗೂ ತಾಗುತ್ತದೆ.

ಫರ್ಮ್‌ವೇರ್ ವಿಷಯದಲ್ಲಿ ಎಲ್ಲವನ್ನೂ ಒಳಗೆ ಸೇರಿಸುವ ಉತ್ಸಾಹ ಕೈಕೊಡುತ್ತದೆ. ವೈಫೈ ಮತ್ತು ಗ್ರಾಫಿಕ್ಸ್ ಡ್ರೈವರ್‌ಗಳು /ಲಿಬ್/ಫರ್ಮ್‌ವೇರ್ ಒಳಗಿನ ಫೈಲ್‌ಗಳನ್ನು ಕೇಳುತ್ತವೆ. ಡ್ರೈವರ್ ವೈ ಆಗಿದ್ದರೆ ಅದು ಕೇಳುವ ಹೊತ್ತಿಗೆ ರೂಟ್ ಇನ್ನೂ ಮೌಂಟ್ ಆಗಿರುವುದಿಲ್ಲ, ಫೈಲ್ ಸಿಗದೆ ಎರರ್ -2 ಬರುತ್ತದೆ. ಎಎಂಡಿಜಿಪಿಯು ವಿಷಯದಲ್ಲಿ ಇದರ ಫಲ ಕಪ್ಪು ಪರದೆ. ಇವನ್ನು ಎಂ ಆಗಿಯೇ ಬಿಡುವುದು ಸುಲಭದ ದಾರಿ. ಒಳಗೇ ಬೇಕೆಂದರೆ ಎಕ್ಸ್‌ಟ್ರಾ_ಫರ್ಮ್‌ವೇರ್ ಆಯ್ಕೆಯಲ್ಲಿ ಫೈಲ್‌ಗಳ ಹೆಸರು ಬರೆದು ಕರ್ನಲ್‌ಗೇ ಹೊಲಿಯಬೇಕು. ಇಂಟೆಲ್ ವೈಫೈಗೆ ಐಡಬ್ಲ್ಯುಎಲ್‌ವೈಫೈ ಒಂದೇ ಸಾಲದು ಎಂಬುದೂ ತಿಳಿದಿರಲಿ. ಅನೇಕ ಕಾರ್ಡ್‌ಗಳಿಗೆ ಅದರ ಜೊತೆಗಾರ ಐಡಬ್ಲ್ಯುಎಲ್‌ಎಂವಿಎಂ ಇಲ್ಲದಿದ್ದರೆ ಇಂಟರ್‌ಫೇಸ್ ಹುಟ್ಟುವುದೇ ಇಲ್ಲ.

ಲ್ಯಾಪ್‌ಟಾಪ್ ಟಚ್‌ಪ್ಯಾಡ್ ಒಗಟಂತೂ ಸ್ವಾರಸ್ಯದ್ದು. ಐ2ಸಿ ಎಚ್‌ಐಡಿ ಡ್ರೈವರ್ ಹಾಕಿದರೂ ಅದು ಮಿಸುಕುವುದಿಲ್ಲ, ಏಕೆಂದರೆ ಬೆರಳು ತಾಗಿತು ಎಂಬ ಇಂಟರಪ್ಟ್ ಬರುವುದು ಚಿಪ್‌ಸೆಟ್‌ನ ಜಿಪಿಐಒ ಪಿನ್‌ನಿಂದ. ಆ ಪಿನ್‌ಗಳನ್ನು ನೋಡಿಕೊಳ್ಳುವ ಪಿನ್‌ಕಂಟ್ರೋಲ್ ಡ್ರೈವರ್ (ಎಎಂಡಿಗೆ ಪಿನ್‌ಸಿಟಿಆರ್‌ಎಲ್_ಎಎಂಡಿ, ಇಂಟೆಲ್‌ನಲ್ಲಿ ಪ್ರತಿ ಪೀಳಿಗೆಗೂ ಬೇರೆ ಬೇರೆ) ಇಲ್ಲದಿದ್ದರೆ ಸುದ್ದಿ ತಲುಪುವುದೇ ಇಲ್ಲ. ಇಂಟೆಲ್ ಆದರೆ ಎಲ್‌ಪಿಎಸ್‌ಎಸ್ ಡ್ರೈವರ್ ಕೂಡ ಬೇಕು.

ತೆಗೆಯುವ ಉತ್ಸಾಹದಲ್ಲಿ ಮುಟ್ಟಬಾರದವು ಕೆಲವಿವೆ. ಪ್ರೊಸೆಸರ್‌ನ ದೋಷಗಳಿಂದ ಕಾಪಾಡುವ ಮೈಕ್ರೋಕೋಡ್ ಮತ್ತು ಸಿಪಿಯು_ಮಿಟಿಗೇಷನ್ಸ್ ಇರಲಿ. ಎಸಿಪಿಐ_ಥರ್ಮಲ್ ಇರಲಿ. ಎನ್‌ಆರ್_ಸಿಪಿಯುಎಸ್ ಅನ್ನು ದೊಡ್ಡ ಡಿಸ್ಟ್ರೋಗಳ 8192ರಿಂದ ನಿಮ್ಮ ಥ್ರೆಡ್‌ಗಳ ಸಂಖ್ಯೆಗೆ ಇಳಿಸಬಹುದು, ಆದರೆ ಭೌತಿಕ ಕೋರ್‌ಗಳನ್ನಷ್ಟೇ ಎಣಿಸಿ 8 ಎಂದು ಬರೆದರೆ 16 ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿ ಅರ್ಧ ಮಲಗಿಯೇ ಇರುತ್ತವೆ.

ಕಟ್ಟುವುದು, ಇಡುವುದು

ಜಿಸಿಸಿ, ಮೇಕ್, ಫ್ಲೆಕ್ಸ್, ಬೈಸನ್, ಬಿಸಿ, ಪರ್ಲ್, ಜೊತೆಗೆ ಲಿಬ್‌ಎಲ್ಫ್, ಓಪನ್‌ಎಸ್‌ಎಸ್‌ಎಲ್, ಎನ್‌ಕರ್ಸಸ್‌ಗಳ ಡೆವಲಪ್‌ಮೆಂಟ್ ಪ್ಯಾಕೇಜ್‌ಗಳು ಬೇಕು. ಡಿಸ್ಟ್ರೋ ಸಂರಚನೆಯಿಂದ ಹೊರಟಿದ್ದರೆ ಎರಡು ಕಡೆ ಕೈ ಹಾಕಿ. ಒಂದು, ಡೀಬಗ್ ಮಾಹಿತಿ: ಅದನ್ನು ಡೀಬಗ್_ಇನ್ಫೋ_ನನ್‌ಗೆ ಬದಲಿಸದಿದ್ದರೆ ಪೂರ್ತಿ ಡಿಸ್ಟ್ರೋ ಸಂರಚನೆಯ ಕಂಪೈಲ್‌ಗೆ 20 ಜಿಬಿಗೂ ಮೀರಿ ಜಾಗ ಹೋಗಬಹುದು. ಎರಡು, ಸಿಸ್ಟಮ್_ಟ್ರಸ್ಟೆಡ್_ಕೀಸ್ ಮತ್ತು ಸಿಸ್ಟಮ್_ರಿವೊಕೇಷನ್_ಕೀಸ್: ಡೆಬಿಯನ್, ಉಬುಂಟು ಸಂರಚನೆಗಳಲ್ಲಿ ಇವು ನಿಮ್ಮ ಬಳಿ ಇಲ್ಲದ ಪ್ರಮಾಣಪತ್ರದ ಫೈಲ್‌ನತ್ತ ಬೊಟ್ಟುಮಾಡುತ್ತಿರಬಹುದು. ಅಂಥ ಹೆಸರಿದ್ದರೆ ಖಾಲಿ ಮಾಡಿ, ಇಲ್ಲದಿದ್ದರೆ ಕಂಪೈಲ್ ನಡುವೆ ನಿಲ್ಲುತ್ತದೆ.

ಲೋಕಲ್‌ವರ್ಷನ್‌ಗೆ ನಿಮ್ಮದೇ ಒಂದು ಬಾಲ ಸೇರಿಸಿ. ಇಲ್ಲವಾದರೆ ಅದೇ ಆವೃತ್ತಿಯ ಹಳೆಯ ಕರ್ನಲ್‌ನ ಮಾಡ್ಯೂಲ್‌ಗಳ ಮೇಲೆಯೇ ಹೊಸವು ಬಂದು ಕೂರುತ್ತವೆ, ಮರಳಿ ಹೋಗುವ ದಾರಿಯೂ ಮುಚ್ಚುತ್ತದೆ. ನಂತರ ಮೇಕ್ -ಜೆ ಜೊತೆಗೆ ಥ್ರೆಡ್‌ಗಳ ಸಂಖ್ಯೆ, ಆಮೇಲೆ ರೂಟ್ ಅಧಿಕಾರದಲ್ಲಿ ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್, ಮೇಕ್ ಇನ್‌ಸ್ಟಾಲ್. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಕರ್ನಲನ್ನು ಯಂತ್ರ ಒಪ್ಪುವುದಿಲ್ಲ. ಸ್ವಂತ ಕೀಲಿಯನ್ನು ಮೋಕ್ ಪಟ್ಟಿಗೆ (ಯಂತ್ರದ ಮಾಲೀಕ ನಂಬುವ ಕೀಲಿಗಳ ಪಟ್ಟಿ) ಸೇರಿಸಿ ಎಸ್‌ಬಿಸೈನ್‌ನಿಂದ ಸಹಿ ಹಾಕಬೇಕು.

ಡಿಸ್ಟ್ರೋ ಕರ್ನಲನ್ನು ಗ್ರಬ್ (ಬೂಟ್‌ಲೋಡರ್) ಮೆನುವಿನಿಂದ ಎಂದೂ ತೆಗೆಯಬೇಡಿ. ದೂರದ ಸರ್ವರ್ ಆಗಿದ್ದರೆ ಗ್ರಬ್_ಡಿಫಾಲ್ಟ್ ಅನ್ನು ಸೇವ್ಡ್ ಎಂದಿಟ್ಟು ಹಳೆಯದನ್ನೇ ಡಿಫಾಲ್ಟ್ ಮಾಡಿ, ಗ್ರಬ್-ರೀಬೂಟ್‌ನಿಂದ ಹೊಸದನ್ನು ಒಂದೇ ಒಂದು ಸಲಕ್ಕೆ ಆರಿಸಿ, ಹೊಸದರ ಬೂಟ್ ಸಾಲಿಗೆ ಪ್ಯಾನಿಕ್=10 ಸೇರಿಸಿ. ಪ್ಯಾನಿಕ್ ಆದರೆ ಹತ್ತು ಸೆಕೆಂಡ್ ನಂತರ ಯಂತ್ರ ತಾನೇ ರೀಬೂಟ್ ಆಗಿ ಹಳೆಯ ಕರ್ನಲ್‌ಗೆ ಮರಳುತ್ತದೆ. ಪ್ಯಾನಿಕ್ ಆಗದೆ ನೆಟ್‌ವರ್ಕ್ ಮಾತ್ರ ಬಾರದಿದ್ದರೆ ಈ ಉಪಾಯ ನಡೆಯದು. ಹಾಗಾಗಿ ಸರ್ವರ್‌ನಲ್ಲಿ ನೆಟ್‌ವರ್ಕ್ ಡ್ರೈವರ್ ಆಯ್ಕೆಯನ್ನು ಎರಡೆರಡು ಸಲ ತಾಳೆ ನೋಡಿ.

ಹೊಸ ಆವೃತ್ತಿ ಬಂದಾಗ ಹಳೆಯ .ಕಾನ್ಫಿಗ್ ನಕಲಿಸಿ ಮೇಕ್ ಓಲ್ಡ್‌ಕಾನ್ಫಿಗ್ ಓಡಿಸಿ. ಹೊಸದಾಗಿ ಬಂದ ಆಯ್ಕೆಗಳನ್ನಷ್ಟೇ ಅದು ಕೇಳುತ್ತದೆ. ಎನ್‌ವಿಡಿಯಾ, ಜೆಡ್‌ಎಫ್‌ಎಸ್‌ನಂಥ ಹೊರಗಿನ ಮಾಡ್ಯೂಲ್‌ಗಳಿದ್ದರೆ ಅವನ್ನು ಪ್ರತಿ ಕರ್ನಲ್‌ಗೂ ಮತ್ತೆ ಕಟ್ಟಬೇಕು, ಡಿಕೆಎಂಎಸ್ ಆ ಕೆಲಸ ಮಾಡಿಕೊಡುತ್ತದೆ. ಅದಕ್ಕೆ ಕರ್ನಲ್ ಮೂಲದ ಫೋಲ್ಡರ್ ಬೇಕಾಗುತ್ತದೆ, ಇನ್‌ಸ್ಟಾಲ್ ಆಯಿತೆಂದು ಕೂಡಲೇ ಅಳಿಸಬೇಡಿ.